ದಿಂಬಿನ ವಿಭಾಗ

ಕಾರ್ಖಾನೆಯನ್ನು ಎರಡು ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂದದ್ದು, ಅಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ನಾನಾಗಿದ್ದರಿಂದ ಇರಬೇಕು. ಮಾತು ಕಡಿಮೆ ಇದ್ದವರಿಗೆ ಬುದ್ಧಿ ಹೆಚ್ಚು ಎಂದು ದಾವಲಸಾಬರು ನಂಬಿದ್ದರು. ಅವರು ಹಾಸಿಗೆ ಕಾರ್ಖಾನೆಯ ಯಜಮಾನರು. ಬಿ.ಕಾಂ. ಮುಗಿಸಿದ ಮೇಲೆ ನಾನು ಅವರಲ್ಲಿ ಕಂಪ್ಯೂಟರಿನ ಮುಂದೆ ಕೂತು ಮೂರು ವರ್ಷವಾಗಿತ್ತು. ಹತ್ತಿ ಎಷ್ಟು ಬಂತು, ಬಟ್ಟೆಯ ಥಾನು ಎಷ್ಟು ಉಳಿಯಿತು, ಯಾರ ಮದುವೆಗೆ ಯಾವ ಅಳತೆಯ ಹಾಸಿಗೆ ಹೋಗಬೇಕು ಎಂಬುದೆಲ್ಲ ಒಂದು ಸಾಫ್ಟ್‌ವೇರಿನಲ್ಲಿ ಇತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ.

ಬೇರೆ ಊರುಗಳಲ್ಲಿ ಇದಕ್ಕೆ ಇಷ್ಟು ಯೋಚಿಸುವುದಿಲ್ಲವಂತೆ. ನಮ್ಮಲ್ಲಿ ಭಾಗವಾದದ್ದು ಒಂದರಿಂದೊಂದು ದೂರ ಸರಿಯುತ್ತದೆ. ಅಣ್ಣ ತಮ್ಮ ಬೇರೆಯಾದರೆ ಮರುದಿನ ಬೆಳಿಗ್ಗೆ ನಡುಮನೆಯ ಗೋಡೆ ಉದ್ದಕ್ಕೆ ಸೀಳಿ, ಒಂದು ಬೆರಳಿನಷ್ಟು ಬೆಳಕು ಒಳಗೆ ಬಿದ್ದಿರುತ್ತದೆ. ಆಮೇಲೆ ದಿನಕ್ಕೆ ಸುಮಾರು ಒಂದು ಗೇಣು. ನಡುವೆ ಮೊದಲು ಹುಲ್ಲು ಬರುತ್ತದೆ, ನಂತರ ಜನ ನಡೆದು ದಾರಿಯಾಗುತ್ತದೆ, ಕೆಲವು ಕಡೆ ಅಂಗಡಿಯೂ ಏಳುತ್ತದೆ. ಮತ್ತೆ ಕೂಡಿಕೊಂಡರೆ ಸರಿಯುವುದು ನಿಲ್ಲುತ್ತದೆ. ಸರಿದದ್ದು ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಊರಿಗೆ ನಕ್ಷೆ ಇಲ್ಲ. ಕರೆಂಟಿನವರು ಪ್ರತಿ ಮನೆಯ ಮುಂದೆ ಹತ್ತು ಸುತ್ತು ತಂತಿ ಹೆಚ್ಚಿಗೆ ಸುತ್ತಿಟ್ಟು ಹೋಗುತ್ತಾರೆ. ನಲ್ಲಿಯ ಪೈಪು ಎಲ್ಲರದೂ ರಬ್ಬರಿನದು. ಸಂಬಂಧ ಕೇಳಿಕೊಂಡು ಬಂದವರು ಹುಡುಗನಿಗೆ ಅಣ್ಣತಮ್ಮಂದಿರು ಎಷ್ಟು ಎಂದು ಕೇಳಿ, ಅದೇ ಉಸಿರಿನಲ್ಲಿ ಎಷ್ಟು ದೂರದಲ್ಲಿದ್ದಾರೆ ಎಂದೂ ಕೇಳುತ್ತಾರೆ.

ಮೊದಲೆಲ್ಲ ಹಿರಿಯರು ಕೂತು ಕಾಗದದ ಮೇಲೆ ಬರೆದರೆ ಮಾತ್ರ ಹೀಗಾಗುತ್ತಿತ್ತು. ಕಂಪ್ಯೂಟರಿನಲ್ಲಿ ಬರೆದದ್ದಕ್ಕೂ ಅದೇ ಬೆಲೆ ಎಂಬುದು ಗಿರಣಿಯ ಸಂಗಣ್ಣನಿಂದ ಗೊತ್ತಾಯಿತು. ಯಾವ ಕಾಳು ಎಷ್ಟು ಬೀಸಿದೆ ಎಂದು ಬೇರೆಬೇರೆಯಾಗಿ ನೋಡುವ ಆಸೆಗೆ ಅವನು ಹೊಸ ಸಾಫ್ಟ್‌ವೇರಿನಲ್ಲಿ ಒಂದೇ ಮಧ್ಯಾಹ್ನ ಒಂಬತ್ತು ವಿಭಾಗ ತೆರೆದ. ಜೋಳ, ಗೋಧಿ, ರಾಗಿ, ಅಕ್ಕಿ, ಕಡಲೆ, ಖಾರ, ಹೀಗೆ. ತಪ್ಪು ಗೊತ್ತಾಗಿ ಮತ್ತೆ ಕೂಡಿಸುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಈಗ ಖಾರದ ಪುಡಿ ಬೀಸುವ ಗಿರಣಿ ಕೆರೆಯ ಆಚೆ ಇದೆ. ಖಾರ ಬೀಸಿಸಲು ಹೋಗುವ ಹೆಂಗಸರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅವನಿಗೆ ಬೇಕಾಗಿದ್ದದ್ದು ಪರದೆಯ ಮೇಲೆ ಗುರುತಿಗೆ ಹಚ್ಚುವ ಬರಿ ಚೀಟಿ. ಪ್ರತಿ ನಮೂದಿನ ಪಕ್ಕ ಜೋಳ, ಗೋಧಿ ಎಂದು ಚೀಟಿ ಹಚ್ಚಿದ್ದರೆ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತಿತ್ತು, ಗಿರಣಿ ಇದ್ದಲ್ಲೇ ಇರುತ್ತಿತ್ತು.

ಆ ವಾರ ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ: ಬೇರೆಯಾಗಿ ನೋಡಬೇಕು ಅನ್ನಿಸಿದರೆ ಚೀಟಿ ಸಾಕು. ಬೇರೆಯಾಗಿ ತೀರ್ಮಾನ ಮಾಡಬೇಕಾದಾಗ, ಮಾಡುವ ಮನುಷ್ಯರೂ ಬೇರೆ ಇದ್ದಾಗ, ಒಬ್ಬರ ದಾಸ್ತಾನಿಗೆ ಇನ್ನೊಬ್ಬರು ಕೈ ಹಾಕಿದರೆ ಕೆಲಸ ಕೆಡುತ್ತದೆ ಎಂದಾದಾಗ ಮಾತ್ರ ವಿಭಾಗ. ಬರೆದು ಕೆಳಗೆ ಗೆರೆ ಎಳೆದಿದ್ದೆ. ಬೇರೆಯವರ ವಿಷಯದಲ್ಲಿ ನನಗೆ ಎಲ್ಲವೂ ಬೇಗ ತಿಳಿಯುತ್ತದೆ.

ನನ್ನದೇ ವಿಷಯ ಹೇಳುವುದಾದರೆ, ಅಪ್ಪ ಅವ್ವ ಹೋದಮೇಲೆ ನಾನೂ ಅಕ್ಕನೂ ಮನೆ ಭಾಗ ಮಾಡಿಕೊಂಡೆವು. ಜಗಳವೇನೂ ಇರಲಿಲ್ಲ. ಭಾವನಿಗೆ ಒಂದು ಕಾಗದ ಬೇಕಾಗಿತ್ತು, ನನಗೆ ಹದಿನೆಂಟು ತುಂಬಿತ್ತು, ತೋರಿಸಿದಲ್ಲಿ ಸಹಿ ಹಾಕಿದೆ. ಮೊದಲ ವಾರ ಅಕ್ಕ ಕಿಟಕಿಯಿಂದ ಕೈ ಚಾಚಿ ಸಾರಿನ ಬಟ್ಟಲು ಕೊಡುತ್ತಿದ್ದಳು. ಆಮೇಲೆ ಕೋಲಿಗೆ ಡಬ್ಬಿ ಕಟ್ಟಿ ಕೊಟ್ಟಳು. ಅದಾದಮೇಲೆ ಹಬ್ಬಕ್ಕೆ ಬರುತ್ತಿದ್ದಳು. ನಡುವೆ ಬಿದ್ದ ಜಾಗದಲ್ಲಿ ಬೇರೆಯವರು ಮನೆ ಕಟ್ಟಿ, ಅವರೂ ಭಾಗವಾಗಿ ಸರಿದು, ಈಗ ಅವಳ ಮನೆಗೆ ಹೋಗಬೇಕಾದರೆ ದಾರಿ ಕೇಳಬೇಕು. ದಾರಿ ಕೇಳುವುದು ನನ್ನಿಂದ ಆಗದ ಕೆಲಸ.

ಕಾರ್ಖಾನೆ ಒಂದೇ ಉದ್ದನೆಯ ತಗಡಿನ ಶೆಡ್ಡು. ನಡುವೆ ಇಟ್ಟಿಗೆಯ ಗೋಡೆ, ಗೋಡೆಯಲ್ಲಿ ಕದವಿಲ್ಲದ ಒಂದು ಬಾಗಿಲು. ಈಚೆ ಹಾಸಿಗೆ ಹೊಲಿಯುವವರು, ಆಚೆ ದಿಂಬು ತುಂಬುವವರು. ಆ ಬಾಗಿಲಿಗೆ ಒತ್ತಿ, ಹಾಸಿಗೆಯವರ ಬದಿಯಲ್ಲಿ, ನನ್ನ ಮೇಜು. ಆಚೆ ಕಡೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ಮಾಬೂಬಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಅವಳಿಗೆ ನಲವತ್ತೈದು ಇರಬಹುದು. ಹನ್ನೊಂದು ವರ್ಷದ ಹಿಂದೆ ಹಾಸಿಗೆಯಲ್ಲಿ ಮಿಕ್ಕ ಹತ್ತಿಯನ್ನು ಚೂರುಬಟ್ಟೆಗೆ ತುಂಬಿ ದಿಂಬಿನ ಕೆಲಸ ಶುರುಮಾಡಿದವಳು ಅವಳೇ. ಈಗ ಅವಳ ಕೈಕೆಳಗೆ ಹದಿನಾಲ್ಕು ಹೆಂಗಸರು.

ಮಾಬೂಬಿ ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಯಾವ ಬಡಾವಣೆಯವರು ಕುತ್ತಿಗೆ ನೋವು ಎಂದು ತೆಳು ದಿಂಬು ಕೇಳುತ್ತಾರೆ, ಯಾವ ಮನೆಯಲ್ಲಿ ಹೊಸ ಸೊಸೆ ಬಂದಮೇಲೆ ದಿಂಬಿನ ಸಂಖ್ಯೆ ಬದಲಾಯಿತು, ಹೊಲಿಗೆ ನೋಡಿ ಹೊಲಿದವಳ ಸಿಟ್ಟು ಹೇಗೆ ಗೊತ್ತಾಗುತ್ತದೆ, ಎಲ್ಲ. ಮಧ್ಯಾಹ್ನ ಆ ಬಾಗಿಲ ಹೊಸ್ತಿಲ ಮೇಲೆಯೇ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ನಿನ್ನ ದನಿ ಕೇಳಬೇಕಂದರೆ ಹತ್ತಿ ಹಿಂಜುವ ಮಷೀನು ಬಂದ್ ಮಾಡಬೇಕು ಎಂದು ನಗುತ್ತಿದ್ದಳು. ಇಡೀ ದಿನದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳು. ಕೆಲವು ಭಾನುವಾರ ರಾತ್ರಿಯ ಊಟಕ್ಕೆ ಕೂತಾಗ, ಶನಿವಾರ ಅವಳಿಗೆ ‘ಬರ್ತೀನಿ’ ಎಂದದ್ದೇ ನನ್ನ ಕೊನೆಯ ಮಾತಾಗಿತ್ತೆಂದು ನೆನಪಾಗುತ್ತಿತ್ತು.

ದಿಂಬಿಗೆ ಬೇರೆ ವಿಭಾಗ ಬೇಕೆಂದು ಮೊದಲು ಕೇಳಿದವಳು ಮಾಬೂಬಿಯೇ, ಹೋದ ವರ್ಷ. ಹತ್ತಿ ಒಂದೇ ದಾಸ್ತಾನಿನಲ್ಲಿ ಇರುವುದರಿಂದ ಹಾಸಿಗೆಯವರು ಮೊದಲು ಎತ್ತಿಕೊಳ್ಳುತ್ತಾರೆ, ತನಗೆ ಬುಡದ ಕಸ ಉಳಿಯುತ್ತದೆ ಎಂದಳು. ಏನು ತರಿಸಬೇಕಾದರೂ ಹಾಸಿಗೆಯ ಮೇಸ್ತ್ರಿ ಕಲ್ಲಪ್ಪ ಒಪ್ಪಿಗೆ ಒತ್ತಬೇಕು, ಅವನಿಗೆ ದಿಂಬು ಎಂದರೆ ಸಣ್ಣ ಹಾಸಿಗೆ ಎಂದೇ ಲೆಕ್ಕ ಎಂದಳು. ದಾವಲಸಾಬರು ನನ್ನ ಕಡೆ ತಿರುಗಿದರು.

“ನೀ ಓದಿದಾಕಿ. ನೀ ಯಾವತ್ತ ಹೂಂ ಅಂತಿ, ಅವತ್ತ ಮಾಡೂಣು.”

ನಾನು ಪರದೆ ನೋಡುತ್ತ, ಸದ್ಯಕ್ಕೆ ಚೀಟಿ ಹಚ್ಚಿದರೆ ಸಾಕು ಎಂದೆ. ಹೇಳಿದ್ದು ತಪ್ಪೆಂದು ಹೇಳುವಾಗಲೇ ಗೊತ್ತಿತ್ತು. ಆದರೆ ಸಂಗಣ್ಣನ ಗಿರಣಿ ಎಲ್ಲರ ಕಣ್ಣಮುಂದೆ ಇತ್ತು. ಬೇಡ ಎನ್ನುವವರ ಮಾತು ನಮ್ಮ ಊರಿನಲ್ಲಿ ಯಾವಾಗಲೂ ತೂಕದ್ದಾಗಿ ಕೇಳಿಸುತ್ತದೆ. ದಾವಲಸಾಬರು ಹಗುರಾದರು. ದಿಂಬಿನ ಪ್ರತಿ ನಮೂದಿಗೂ ನಾನು ಹಳದಿ ಚೀಟಿ ಹಚ್ಚಿದೆ. ಈಗ ದಿಂಬು ಎಷ್ಟು ಹೋಗುತ್ತದೆ ಎಂಬುದು ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಕಾಣುವುದರ ಹೊರತು ಏನೂ ಬದಲಾಗಲಿಲ್ಲ. ಮೂರು ತಿಂಗಳಾದಮೇಲೆ ಮಾಬೂಬಿ ಮತ್ತೆ ಕೇಳಿದಳು, ನಾನು ಸಾಫ್ಟ್‌ವೇರಿನ ಹೊಸ ಆವೃತ್ತಿ ಬರಲಿ ಎಂದೆ. ಅದು ಬಂದಮೇಲೆ ವರ್ಷದ ನಡುವೆ ಬೇರೆ ಮಾಡಿದರೆ ಹಳೆಯ ನಮೂದುಗಳು ಕಲಸಿಹೋಗುತ್ತವೆ ಎಂದೆ. ಅದು ಪೂರ್ತಿ ಸುಳ್ಳಲ್ಲ. ಕಷ್ಟಪಟ್ಟರೆ ಒಂದು ವಾರದ ಕೆಲಸ.

ಹೀಗಿರುವಾಗ ಹೆರಿಗೆ ಆಸ್ಪತ್ರೆಯಿಂದ ದಿಂಬಿಗೆ ಒಂದು ಆರ್ಡರು ಬಂತು. ಹುಟ್ಟಿದ ಕೂಸುಗಳ ತಲೆ ದುಂಡಗಾಗಲೆಂದು ಇಡುವ ಸಾಸಿವೆ ತುಂಬಿದ ಪುಟ್ಟ ದಿಂಬುಗಳು, ನೂರಿಪ್ಪತ್ತು. ಅಂಗೈಯಷ್ಟು ದೊಡ್ಡದು, ಒಂದೊಂದಕ್ಕೂ ಹಿಡಿ ತುಂಬ ಸಾಸಿವೆ. ಮಾಬೂಬಿ ಅಂಥ ಆರ್ಡರಿಗಾಗಿ ಎರಡು ವರ್ಷ ಆಸ್ಪತ್ರೆಗೆ ಅಲೆದಿದ್ದಳು. ಇದು ಸರಿಯಾಗಿ ಹೋದರೆ ಪ್ರತಿ ತಿಂಗಳೂ ಕೊಡುತ್ತೇವೆ ಎಂದಿದ್ದರಂತೆ. ಅವಳು ಮೃದುವಾದ ಬಿಳಿ ಬಟ್ಟೆ ಆರಿಸಿ, ತಾನೇ ಎರಡು ಸಲ ಒಗೆದು, ಹೆಂಗಸರಿಂದ ಚೀಲ ಹೊಲಿಸಿ ಸಾಲಾಗಿ ಜೋಡಿಸಿಟ್ಟಳು. ಹದಿನೆಂಟು ಕಿಲೊ ಸಾಸಿವೆ ತರಿಸಲು ನಾನು ಬೇಡಿಕೆ ಹಾಕಿದೆ. ಅದು ಒಪ್ಪಿಗೆಗೆ ಕಲ್ಲಪ್ಪನ ಬಳಿ ಹೋಯಿತು. ಹಾಸಿಗೆ ಕಾರ್ಖಾನೆಯ ಬೇಡಿಕೆಯಲ್ಲಿ ಸಾಸಿವೆ ಕಂಡ ಅವನು ನಾನು ತಪ್ಪು ಒತ್ತಿದ್ದೇನೆ ಎಂದುಕೊಂಡು, ನನಗೆ ಬೈಗುಳ ತಪ್ಪಿಸಿದ ಸಂತೋಷದಲ್ಲಿ ಅದನ್ನು ಅಳಿಸಿದ. ಹಳದಿ ಚೀಟಿ ಅಲ್ಲಿ ಇತ್ತು. ಚೀಟಿಯನ್ನು ಓದಲೇಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೊಡುವ ದಿನದ ಹಿಂದಿನ ಸಂಜೆ ಸಾಸಿವೆ ಎಲ್ಲಿ ಎಂದು ಹುಡುಕಿದಾಗ ಇದು ತಿಳಿಯಿತು. ಕಲ್ಲಪ್ಪ ಒಳ್ಳೆಯ ಮನುಷ್ಯ. ಎಲ್ಲರನ್ನೂ ನಗಿಸಿ ಮುಗಿಸಲು ನೋಡಿದ.

“ಹಾಸಿಗಿ ಕಾರ್ಖಾನ್ಯಾಗ ಸಾಸಿವಿ ಏನ್ ಕೆಲಸರಿ? ಗಾದಿಗೆ ಒಗ್ಗರಣಿ ಹಾಕೂದೈತೇನು ಅಂದ್ಕೊಂಡ್ನಿ.”

ಯಾರೂ ನಗಲಿಲ್ಲ. ಅಂಗಡಿಗಳನ್ನೆಲ್ಲ ತಿರುಗಿ ಮಾಬೂಬಿ ಆರು ಕಿಲೊ ಕೂಡಿಸಿದಳು. ಮರುದಿನ ನಲವತ್ತು ದಿಂಬು ಹಿಡಿದು ಆಸ್ಪತ್ರೆಗೆ ಹೋದಳು, ಮಧ್ಯಾಹ್ನದವರೆಗೆ ಬರಲಿಲ್ಲ. ನಾನು ಹೊಸ್ತಿಲ ಮೇಲೆ ಡಬ್ಬಿ ಬಿಚ್ಚದೆ ಕೂತಿದ್ದೆ. ಬಂದವಳು ಕೈಕಾಲು ತೊಳೆದುಕೊಂಡು ಚಾಪೆಯ ಮೇಲೆ ಕೂತಳು. ನಲವತ್ತನ್ನೂ ವಾಪಸು ತಂದಿದ್ದಳು. ಆಸ್ಪತ್ರೆಯ ದೊಡ್ಡ ನರ್ಸು, ನಿಮ್ಮಲ್ಲಿ ಇದಕ್ಕೆ ಜವಾಬುದಾರಿ ಯಾರು ಎಂದು ಕೇಳಿದರಂತೆ. ನಾನೇ ಎಂದಳಂತೆ. ಹಾಗಾದರೆ ಸಾಸಿವೆ ಯಾಕೆ ತರಿಸಲಿಲ್ಲ ಎಂದರಂತೆ. ಎಲ್ಲವನ್ನೂ ಬೇರೆ ಯಾರದೋ ಸುದ್ದಿಯಂತೆ ಹೇಳಿ ಮುಗಿಸಿ, ದನಿ ಏರಿಸದೆ ನನ್ನ ಕಡೆ ನೋಡಿದಳು.

“ನೀಲಾ, ಒಂದ್ ಮಾತ್ ಖರೇ ಹೇಳು. ಬ್ಯಾರೆ ಬ್ಯಾಡ ಅಂತ ಕಂಪ್ಯೂಟರ್ ಅಂತೈತೋ, ನೀ ಅಂತಿಯೋ?”

ಪರದೆಯ ಕಡೆ ತಿರುಗಲು ನೋಡಿದೆ. ಕುತ್ತಿಗೆ ತಿರುಗಲಿಲ್ಲ. ನಾನು, ಎಂದೆ. ಮಷೀನು ಓಡುತ್ತಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಬೇಕಾಯಿತು.

ಯಾಕೆ ಎಂದು ಅವಳು ಕೇಳಲಿಲ್ಲ. ಹೊಸ್ತಿಲ ಮೇಲಿದ್ದ ನನ್ನ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟು ಬಂದು ಕೂರಲು ಜಾಗ ಸಿಗದೆ ಹೋದಂತಾಯಿತು.

“ನಿನ್ನ ಜೋಡಿ ಉಣ್ಣೂದು ನಂಗೂ ಬೇಕವಾ,” ಎಂದಳು. “ಆದ್ರ ಹನ್ನೊಂದ್ ವರ್ಷ ನಾ ಅದಕ್ಕ ದಿಂಬ್ ತುಂಬಿಲ್ಲ.”

ಅವತ್ತು ಸಂಜೆ ನಾನೇ ದಾವಲಸಾಬರ ಬಳಿ ಹೋಗಿ ಹೂಂ ಎಂದೆ. ಅವರು ಬಹಳ ಹೊತ್ತು ಗೋಡೆಯನ್ನು ನೋಡಿದರು. ಅದನ್ನು ಅವರ ಅಪ್ಪ ಕಟ್ಟಿಸಿದ್ದಂತೆ. ಒಂದೇ ವರ್ಷದಲ್ಲಿ ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದರು. ನಾನು ಲೆಕ್ಕ ಹಾಕಿ ಹೇಳಿದೆ: ರಸ್ತೆಯ ಆಚೆ, ಹುಣಸೆ ಮರ ದಾಟಿ. ಅಂಕೆ ಹೇಳುವಾಗ ನನ್ನ ದನಿ ಸರಿಯಾಗಿರುತ್ತದೆ.

ವಿಭಾಗ ಮಾಡುವ ಮೊದಲು ಸಾಫ್ಟ್‌ವೇರು ಒಂದು ಪ್ರಶ್ನೆ ಕೇಳುತ್ತದೆ. ಕೆಲಸದ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಯಾವ ಕಡೆ ಎಂದು ಗುರುತಿಸಬೇಕು. ಒಬ್ಬರು ಎರಡೂ ಕಡೆ ಇರುವಂತಿಲ್ಲ. ಮಾಬೂಬಿಯನ್ನೂ ಹದಿನಾಲ್ಕು ಹೆಂಗಸರನ್ನೂ ಆಚೆಗೆ ಹಾಕಿದೆ, ಕಲ್ಲಪ್ಪನನ್ನೂ ಇಪ್ಪತ್ತೆರಡು ಹೊಲಿಗೆಯವರನ್ನೂ ಈಚೆಗೆ. ನನ್ನ ಹೆಸರು ಉಳಿಯಿತು. ಮರುದಿನ ಮಾಬೂಬಿಗೆ ಅದನ್ನು ತೋರಿಸಿ, ನಿಮ್ಮ ಕಡೆಗೂ ಬರೆಯುವವರು ಬೇಕಲ್ಲ, ಮೇಜನ್ನು ಎರಡು ಮೊಳ ಎಳೆದರೆ ಆಯಿತು ಎಂದೆ. ಒಂದು ಇಡೀ ರಾತ್ರಿ ಕೂತು ಹೊಂದಿಸಿಕೊಂಡ ವಾಕ್ಯ ಅದು. ಅವಳು ಬೇಡ ಎಂದಳು. ಇನ್ನೊಬ್ಬರು ಬರೆದದ್ದರ ಕೆಳಗೆ ಇರುವುದು ಸಾಕಾಗಿದೆ, ತನಗೇ ಕಲಿಸಿಕೊಡು ಎಂದಳು. ಏಳನೇ ಇಯತ್ತೆವರೆಗೆ ಓದಿದ್ದೇನೆ, ಅಕ್ಷರ ಮರೆತಿಲ್ಲ ಎಂದೂ ಸೇರಿಸಿದಳು.

ಹದಿನೈದು ದಿನ ಕಲಿಸಿದೆ. ಅವಳು ನನ್ನ ಕುರ್ಚಿಯಲ್ಲಿ, ನಾನು ಅವಳ ಚಾಪೆಯ ತುದಿಯಲ್ಲಿ ಸ್ಟೂಲು ಹಾಕಿಕೊಂಡು. ಆ ಹದಿನೈದು ದಿನ ನಾನು ಮಾತಾಡುತ್ತಿದ್ದೆ, ಅವಳು ಕೇಳುತ್ತಿದ್ದಳು. ಅವಳು ಒಂದೇ ಬೆರಳಲ್ಲಿ, ಅಕ್ಷರ ಸಿಕ್ಕಾಗಲೆಲ್ಲ ಗಂಟಲಲ್ಲೇ ಒಂದು ಸಣ್ಣ ಸದ್ದು ಮಾಡುತ್ತ ಒತ್ತುತ್ತಿದ್ದಳು. ನಿಧಾನಕ್ಕೆ ಕಲಿಸಿದ್ದರೆ ಎರಡು ತಿಂಗಳು ಎಳೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆರನೆಯ ದಿನ ಅವಳು ದಾಸ್ತಾನಿನ ಪುಟ ದಾಟಿ ಮುಂದಿನದಕ್ಕೆ ಹೋಗಲೇ ಎಂದು ಕೇಳಿದಾಗ, ಇದನ್ನೇ ಇನ್ನೊಮ್ಮೆ ಮಾಡಿ ಎನ್ನಲು ಬಾಯಿ ತೆರೆದಿದ್ದೆ. ಮುಂದಿನದು ತೋರಿಸಿದೆ.

ಆಚೆ ಕಡೆಗೂ ಒಂದು ಕಂಪ್ಯೂಟರು ಬಂತು. ಶುಕ್ರವಾರ ನಮಾಜು ಮುಗಿಸಿ ದಾವಲಸಾಬರು ಬಂದಮೇಲೆ ಎಲ್ಲರನ್ನೂ ನಿಲ್ಲಿಸಿಕೊಂಡು ‘ಉಳಿಸು’ ಒತ್ತಿದೆ. ಆ ಹೊತ್ತಿಗೆ ಏನೂ ಆಗಲಿಲ್ಲ. ಶನಿವಾರ ಬೆಳಿಗ್ಗೆ ತಗಡಿನ ಮಾಡು ನೇರವಾಗಿ ಸೀಳಿತ್ತು, ಗೋಡೆಯ ಪಕ್ಕದ ನೆಲದಲ್ಲಿ ಬೆರಳಗಲದ ಮಣ್ಣು ಕಾಣುತ್ತಿತ್ತು. ಸೋಮವಾರ ಹೊಸ್ತಿಲು ಆಚೆ ಕಡೆಗೆ ಹೋಗಿತ್ತು. ಕಲ್ಲಪ್ಪ ಒಂದು ಹಲಗೆ ಹಾಕಿದ, ವಾರ ಬಿಟ್ಟು ಇನ್ನೂ ಉದ್ದದ್ದು ಹಾಕಿದ, ಆಮೇಲೆ ಹಲಗೆ ಸಾಲದೆ ಜನ ಕೆಳಗಿಳಿದು ನಡೆದೇ ದಾಟತೊಡಗಿದರು. ಮೊದಲ ಐದಾರು ದಿನ ಮಾಬೂಬಿ ಊಟದ ಹೊತ್ತಿಗೆ ಬಂದಳು. ಆಸ್ಪತ್ರೆಯವರು ಇನ್ನೊಂದು ಅವಕಾಶ ಕೊಟ್ಟಮೇಲೆ ಅವಳಿಗೆ ಪುರುಸೊತ್ತು ಇರಲಿಲ್ಲ. ಸಾಸಿವೆಯ ಬೇಡಿಕೆಗೆ ತಾನೇ ಒಪ್ಪಿಗೆ ಒತ್ತಿದಳಂತೆ. ಒತ್ತಿ, ಹದಿನಾಲ್ಕು ಜನಕ್ಕೂ ಬೆಲ್ಲ ಹಂಚಿದಳಂತೆ. ಕಲ್ಲಪ್ಪ ಹೇಳಿದ.

ಒಪ್ಪಿಗೆ ಒತ್ತಿದ್ದು ನನಗೆ ಆಗಲೇ ಗೊತ್ತಿತ್ತು. ಎಲ್ಲ ವಿಭಾಗಗಳನ್ನೂ ನೋಡುವ ಹಕ್ಕು ನನ್ನ ಹೆಸರಿನ ಮುಂದೆ ಇನ್ನೂ ಇತ್ತು, ತೆಗೆಯಬೇಕಾಗಿತ್ತು, ತೆಗೆದಿರಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ಅವಳ ಪುಟ ತೆರೆಯುತ್ತಿದ್ದೆ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮೊದಲ ನಮೂದು. ಹನ್ನೊಂದೂವರೆಗೆ ಒಂದು ತಪ್ಪು, ಅದರ ತಿದ್ದುಪಡಿ. ಮಧ್ಯಾಹ್ನ ಮುಕ್ಕಾಲು ಗಂಟೆ ಏನೂ ಇಲ್ಲ, ಉಣ್ಣುತ್ತಿದ್ದಾಳೆ. ನಾನೂ ಆಗಲೇ ಉಣ್ಣುತ್ತಿದ್ದೆ. ಒಂದು ದಿನ ಅವಳು ದಿಂಬಿನ ಅಳತೆಯಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿದ್ದು ಕಂಡು, ಯಾರಿಗೂ ಹೇಳದೆ ಇಲ್ಲಿಂದಲೇ ಸರಿಮಾಡಿದೆ. ಮಾಡಿದಮೇಲೆ ಬೆರಳು ಹಾಗೇ ನಿಂತಿತು. ಅವಳು ಯಾರ ಕೈಯಿಂದ ಬಿಡಿಸಿಕೊಂಡು ಹೋಗಿದ್ದಳೋ ಆ ಕೈಯೇ ಇದು. ಸೊನ್ನೆಯನ್ನು ಮತ್ತೆ ಇದ್ದಂತೆ ಹಾಕಿದೆ. ಸಂಜೆಯೊಳಗೆ ಅವಳೇ ಕಂಡು ತಿದ್ದಿಕೊಂಡಳು. ಅದನ್ನು ನೋಡಿದಮೇಲೆ ನನ್ನ ಹೆಸರಿನ ಮುಂದಿನ ಆ ಗುರುತನ್ನು ತೆಗೆದುಹಾಕಿದೆ. ಪರದೆಯಲ್ಲಿ ಹಾಸಿಗೆಗಳು ಮಾತ್ರ ಉಳಿದವು.

ಇಪ್ಪತ್ತಾರನೆಯ ದಿನ, ನಡುವೆ ಎತ್ತಿನ ಗಾಡಿ ತಿರುಗುವಷ್ಟು ಜಾಗವಾಗಿದ್ದಾಗ, ಪರದೆಯ ಮೂಲೆಯಲ್ಲಿ ಒಂದು ಕೋರಿಕೆ ಬಂತು. ದಿಂಬಿನ ವಿಭಾಗದಿಂದ ಹಾಸಿಗೆಯ ವಿಭಾಗಕ್ಕೆ. ಹಿಂಜಿದ ಹತ್ತಿ, ಹನ್ನೆರಡು ಕಿಲೊ. ಕೋರಿದವರು: ಮಾಬೂಬಿ. ಕೆಳಗೆ ‘ಕಾರಣ’ ಎಂಬ ಖಾನೆ ಇರುತ್ತದೆ. ಅಲ್ಲಿ ಇನ್ನೂರು ಅಕ್ಷರದವರೆಗೆ ಏನು ಬೇಕಾದರೂ ಬರೆಯಬಹುದು. ಅವಳು ‘ದಿಂಬಿಗೆ’ ಎಂದು ಬರೆದಿದ್ದಳು.

ಸರಿಯಾಗಿತ್ತು. ನಾನೇ ಕಲಿಸಿದವಳು, ಒಂದು ತಪ್ಪೂ ಇರಲಿಲ್ಲ. ಆ ಮೂರು ಅಕ್ಷರವನ್ನು ಎಷ್ಟು ಸಲ ಓದಿದೆನೋ. ಉತ್ತರದ ಖಾನೆಯಲ್ಲಿ, ನಿನ್ನೆ ಮಷೀನು ಅರ್ಧ ದಿನ ಬಂದ್ ಆಗಿತ್ತು, ಇಲ್ಲಿ ಏನೂ ಸದ್ದಿರಲಿಲ್ಲ ಎಂದು ಬರೆದೆ. ಅದು ಹತ್ತಿಗೆ ಸಂಬಂಧಿಸಿದ ವಿಷಯವಲ್ಲ. ಅಳಿಸಿ ‘ಕಳಿಸಿದೆ’ ಎಂದು ಬರೆದು ಒಪ್ಪಿಗೆ ಒತ್ತಿದೆ.

ಕಲ್ಲಪ್ಪ ಗಂಟು ಹೊತ್ತುಕೊಂಡು ಬಿಸಿಲಲ್ಲಿ ದಾಟಿಹೋದ. ಅವಳು ತೂಕ ಮಾಡಿ, ಮೊಣಕಾಲ ಮೇಲೆ ರಶೀದಿ ಇಟ್ಟುಕೊಂಡು ಸಹಿ ಹಾಕುವುದು ನನ್ನ ಮೇಜಿನಿಂದ ಕಾಣುತ್ತಿತ್ತು. ಆಮೇಲೆ ದಿಂಬು ಎಣಿಸುವ ಕೆಲಸಕ್ಕೆ ತಿರುಗಿದಳು, ತಲೆ ಎತ್ತಲಿಲ್ಲ. ರಶೀದಿ ನನ್ನ ಕೈಗೆ ಬಂತು. ಅದನ್ನು ಇಡಲು ನಮ್ಮಲ್ಲಿ ಫೈಲು ಇರಲಿಲ್ಲ, ಇಲ್ಲಿಯವರೆಗೆ ಬೇಕಾಗಿರಲಿಲ್ಲ. ಹೊಸದೊಂದು ತೆಗೆದು ರಶೀದಿ ಚುಚ್ಚಿದೆ. ಫೈಲಿನ ಬೆನ್ನಿನ ಮೇಲೆ ಏನಾದರೂ ಹೆಸರು ಬರೆಯಬೇಕಿತ್ತು. ಪೆನ್ನು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ‘ಹೊರಗಿನವರು’ ಎಂದು ಬರೆದೆ.